ಬೈಕಿಗೆ ದನಿ ಕೂರಿಸುವ ಚಿಕ್ಕಸಿದ್ದಯ್ಯ

ಬೆಳಗಿನ ಐದೂ ಮುಕ್ಕಾಲು. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಿಕ್ಕಸಿದ್ದಯ್ಯ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮೊಪೆಡ್ಡಿನ ಬ್ಯಾಟರಿಗೆ ಸ್ಪೀಕರಿನ ತಂತಿಯನ್ನು ಮತ್ತೊಮ್ಮೆ ಬಿಗಿಯುತ್ತಿದ್ದಾರೆ. ಮೊಪೆಡ್ ಮಾಂಬಳ್ಳಿಯ ಪುಷ್ಪ ಅವರದು. ಕ್ಯಾರಿಯರ್ ಮೇಲೆ ದಂಟು, ಸಬ್ಬಸಿಗೆ ಕಟ್ಟುಗಳು ಒದ್ದೆ ಗೋಣಿಯಡಿ ಕಾಯುತ್ತಿವೆ. ಎಂಟರೊಳಗೆ ಬೀದಿ ಸೇರದಿದ್ದರೆ ಸೊಪ್ಪು ದನಕ್ಕೆ.

ಹನ್ನೆರಡು ವರ್ಷ ಕೂಗಿ ಮಾರಿದ ಪುಷ್ಪ ಅವರ ಗಂಟಲಲ್ಲಿ ಗಂಟಾಗಿದೆ. ಇನ್ನು ಕೂಗಿದರೆ ದನಿಯೇ ಹೋದೀತು ಎಂದಿದ್ದಾರೆ ಡಾಕ್ಟರು. ಹೋದ ವಾರ ಚಿಕ್ಕಸಿದ್ದಯ್ಯ ಸ್ಪೀಕರ್ ಕೂರಿಸಿ, ಅಂಗಡಿಯಲ್ಲಿದ್ದ ಗಂಡಸಿನ ರೆಕಾರ್ಡಿಂಗನ್ನೇ ಹಾಕಿಕೊಟ್ಟರು. ಮೂರು ದಿನ ಸೊಪ್ಪು ಬಾಡಿಕೊಂಡು ಮನೆಗೆ ಬಂತು.

"ಯಾವನೋ ಬಂದವ್ನೆ ಅಂತ ಒಬ್ರೂ ಈಚೆಗ್ ಬರ್ನಿಲ್ಲ ಕಣಣ್ಣ," ಎಂದು ಪುಷ್ಪ ಪಿಸುದನಿಯಲ್ಲೇ ಜಾಡಿಸುತ್ತಾರೆ.

"ತಪ್ಪು ನಂದೇಯ," ಎನ್ನುತ್ತಾರೆ ಚಿಕ್ಕಸಿದ್ದಯ್ಯ, ಟಾರ್ಚನ್ನು ಬಾಯಿಂದ ತೆಗೆದು, ತಲೆಯೆತ್ತದೆ.

ಐವತ್ತೆಂಟರ ಚಿಕ್ಕಸಿದ್ದಯ್ಯ ಬಂಡಳ್ಳಿಯವರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ರೇಡಿಯೋ ರಿಪೇರಿ ಕಲಿತವರು. ಇಪ್ಪತ್ತು ವರ್ಷದ ಹಿಂದೆ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರು ಉಪಗ್ರಹ ರೇಡಿಯೋ ತಂದು ಬೈಕಿಗೆ ಕೂರಿಸಿಕೊಡಲು ಹೇಳಿದರು. ಕೂರಿಸಿದರು. ಮರದಡಿ ಹೋದಾಗಲೆಲ್ಲ ಹಾಡು ನಿಲ್ಲುತ್ತಿತ್ತು. ಆಮೇಲೆ ಆ ಸೇವೆಯೇ ನಿಂತಿತು. ಅದರ ಆಂಟೆನಾ ಈಗ ಅಂಗಡಿಯಲ್ಲಿ ಸ್ಕ್ರೂ ಹಾಕುವ ತಟ್ಟೆ. "ಮ್ಯಾಗಿಂದ್ ಬರೋದ್ನ ನಂಬ್ಕಂಡು ಕೆಟ್ಟೆ ಸಾ. ಬ್ಯಾಟ್ರಿ ವಾಸಿ," ಎಂದು ನನಗೆ ಹೇಳುತ್ತಾರೆ.

ಈಗ ವಾರಕ್ಕೆ ನಾಲ್ಕೈದು ಬೈಕು. ಮೀನಿನವರು, ಮೊಟ್ಟೆಯವರು, ಸೀರೆಯವರು. ಒಂದಕ್ಕೆ ಎರಡು ತಾಸು. ಸ್ಪೀಕರ್ ಪರೀಕ್ಷಿಸಿ ಪರೀಕ್ಷಿಸಿ ಬಲಗಿವಿ ಅರ್ಧ ಮಂದ. ಒಮ್ಮೆ ಹೆಡ್‌ಲೈಟಿನ ತಂತಿಯಿಂದಲೇ ಕರೆಂಟು ಎಳೆದುಕೊಟ್ಟಿದ್ದರು. ಹನೂರಿನ ಇಳಿಜಾರಲ್ಲಿ ಲೈಟು ಆರಿ ಮೀನಿನವನ ಕೈ ಮುರಿಯಿತು. ಅಂದಿನಿಂದ ಯಾರಿಗೇ ಕೂರಿಸಿಕೊಡಲಿ, ಮೊದಲ ಸುತ್ತಿಗೆ ತಾವೇ ಜೊತೆಗೆ ಹೋಗುತ್ತಾರೆ. ಹೋದ ವಾರ ಪುಷ್ಪ ಅವರ ಜೊತೆ ಮಾತ್ರ ಹೋಗಲಾಗಿರಲಿಲ್ಲ.

ತಂತಿ ಮುಗಿಯಿತು. ಈಗ ಪುಷ್ಪ ಅವರದೇ ದನಿ ರೆಕಾರ್ಡ್ ಆಗಬೇಕು. ಮೈಕ್ ಕಂಡೊಡನೆ ಪುಷ್ಪ ಅಭ್ಯಾಸಬಲದಿಂದ ಕೂಗುತ್ತಾರೆ, ಕೆಮ್ಮು ಒತ್ತರಿಸುತ್ತದೆ. ಚಿಕ್ಕಸಿದ್ದಯ್ಯ ಅವರನ್ನು ಅಂಗಡಿಯೊಳಗೆ ಕೂರಿಸಿ, ಬೀದಿಯ ಸದ್ದು ಬಾರದಂತೆ ಷಟರ್ ಅರ್ಧ ಎಳೆಯುತ್ತಾರೆ.

"ಕೂಗಬ್ಯಾಡ ಕಣವ್ವ. ಕೂಗಕ್ಕೆ ಈ ಸ್ಪೀಕರ್ ಡಬ್ಬ ಅದೆ. ನೀನು ಬಾಗಲಲ್ಲಿ ನಿಂತು ಮಾತಾಡ್ದಂಗೆ ಮಾತಾಡು."

ಪುಷ್ಪ ತಮ್ಮ ಹಳೇ ಗಿರಾಕಿಯೊಬ್ಬರನ್ನು ನೆನೆದು ಮೆಲ್ಲಗೆ ಹೇಳುತ್ತಾರೆ: "ಯಶೋದಕ್ಕ, ಸೊಪ್ಪು ತಂದಿವ್ನಿ, ಬಾ."

ಎಲ್ಲ ಬೀದಿಯಲ್ಲೂ ಯಶೋದಕ್ಕನನ್ನೇ ಕರೆದಂತಾಗುವುದಿಲ್ಲವೇ ಎಂದು ಆಮೇಲೆ ಅವರಿಗೇ ಅನುಮಾನ.

"ಬುಡು, ಎಲ್ಲಾ ಬೀದೀಲೂ ಒಬ್ಳು ಯಶೋದ ಇದ್ದೇ ಅವ್ಳೆ."

ಏಳೂವರೆಗೆ ಮಾಂಬಳ್ಳಿಯ ಮೊದಲ ಬೀದಿ. ಮೊಪೆಡ್ಡಿನಲ್ಲಿ ಜಾಗವಿಲ್ಲದ್ದಕ್ಕೆ ಚಿಕ್ಕಸಿದ್ದಯ್ಯ ತಮ್ಮ ಹಳೇ ಬೈಕಿನಲ್ಲಿ ಹಿಂದೆಯೇ ಬಂದಿದ್ದಾರೆ. ಸ್ಪೀಕರ್ ಎರಡು ಸಲ ಕರೆಯುತ್ತದೆ. ಮೊರ ಹಿಡಿದ ಹೆಂಗಸೊಬ್ಬರು ಬಾಗಿಲಿಗೆ ಬಂದು, "ಮೂರ್ ದಿವ್ಸ ಎಲ್ಲೋಗಿದ್ದೆ ಪುಷ್ಪ, ಬರ್ನೇ ಇಲ್ವಲ್ಲ," ಎಂದು ಬೈಯುತ್ತಾರೆ. ಇನ್ನೆರಡು ಬಾಗಿಲು ತೆರೆಯುತ್ತವೆ.

ಚಿಕ್ಕಸಿದ್ದಯ್ಯ ಎಡಗಿವಿ ಆ ಕಡೆ ತಿರುಗಿಸಿ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಬೈಕ್ ತಿರುಗಿಸುತ್ತಾರೆ.

"ಡಬ್ಬದ ಕಡೆ ಒಬ್ರೂ ನೋಡ್ನಿಲ್ಲ ಸಾ. ಕೆಲ್ಸ ಸರ್ಯಾಗಿ ಅದೆ."