ಕೌದಿಯೊಳಗಿನ ಕಾಲು

ನಾನು ಕುಳಿತಲ್ಲೆಲ್ಲ ಅಂಗೈಯಿಂದ ನೆಲ ಬಡಿಯುತ್ತೇನೆಂದು ಮನೆಯವರಿಗೆ ಬೇಸರ. ಬಡಿಯುವುದು ನಾನಲ್ಲ ಎಂದರೆ ಯಾರು ನಂಬಬೇಕು?

ಐವತ್ತರ ದಶಕದ ಕೊನೆ. ನಮ್ಮೂರು ಉಟಗಿಯಲ್ಲಿ ನಮ್ಮದೊಂದು ಭಜನಾ ಮೇಳವಿತ್ತು. ಪದ ಹಾಡುವವನು ಅಪ್ಪ, ತಾಳ ನನ್ನದು, ದಮ್ಮಡಿ ಬಾರಿಸುವವನು ಚಿಕ್ಕಪ್ಪ. ಆ ವರ್ಷ ಅಪ್ಪನ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಕೊಯ್ದರೆ ಜೀವ ಉಳಿದೀತು, ದನಿ ಮಾತ್ರ ಹೋಗುತ್ತದೆ ಎಂದು ಮಿರಜಿನ ಡಾಕ್ಟರು ಹೇಳಿದ್ದರು. ಅದೇ ವಾರ ಪಕ್ಕದ ಕಿರಾಣಿ ಅಂಗಡಿಯವರ ಅಳಿಯ ಸೊಲ್ಲಾಪುರದಿಂದ ಟೇಪ್ ರೆಕಾರ್ಡರ್ ತಂದ. ಮೋಟಾರು ಗಾಡಿಯ ಬ್ಯಾಟರಿಯ ಮೇಲೆ ಓಡುವಂಥದ್ದು. ಮೂರು ದಿನ ಇರುತ್ತೇನೆ, ಅಪ್ಪನ ದನಿ ಹಿಡಿದಿಡೋಣ ಎಂದ.

ನಮ್ಮ ಪಡಸಾಲೆಯ ಬಾಗಿಲು ಮುಚ್ಚಿ, ಕುರಿಮರಿಗಳನ್ನು ದೂರ ಅಟ್ಟಿ ಮೊದಲ ದಿನ ಹಾಡಿದೆವು. ಟೇಪು ಕೇಳಿದರೆ ಅಪ್ಪನ ದನಿಗಿಂತ ಅವನ ಕಾಲೇ ಜೋರು. ಹಾಡುವಾಗ ಬಲಗಾಲನ್ನು ನೆಲಕ್ಕೆ ಬಡಿಯುವುದು ಅವನ ರೂಢಿ. ಎರಡನೆಯ ದಿನ ಆ ಕಾಲಿಗೆ ಮೊಣಕಾಲತನಕ ಕೌದಿ ಸುತ್ತಿದೆವು. ಸಪ್ಪಳ ಹೋಯಿತು, ಅದರ ಜೊತೆ ಮೇಳವೂ ಹೋಯಿತು. ನನ್ನ ತಾಳ ಮುಂದೆ ಓಡಿತು, ದಮ್ಮಡಿ ಹಿಂದೆ ಬಿತ್ತು. ಇಷ್ಟು ವರ್ಷ ನಾವೆಲ್ಲ ಆ ಕಾಲನ್ನೇ ಹಿಡಿದು ಬಾರಿಸಿದ್ದೆವು, ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಪ್ಪ ನನ್ನನ್ನು ಬೈದ, ನಾನೂ ಬಿಡಲಿಲ್ಲ. ಅಷ್ಟರಲ್ಲಿ ಅಪ್ಪನ ದನಿ ಒಡೆಯತೊಡಗಿತ್ತು. ನನಗೆ ಹೆದರಿಕೆಯಾಯಿತು.

ಮೂರನೆಯ ದಿನ ತಾಳವನ್ನು ತಮ್ಮನಿಗೆ ಕೊಟ್ಟು, ಕೌದಿಯೊಳಗೆ ಕೈ ತೂರಿಸಿ ಅಪ್ಪನ ಪಾದದ ಕೆಳಗೆ ಅಂಗೈ ಇಟ್ಟು ಕುಳಿತೆ. ಪೆಟ್ಟು ಬಿದ್ದಂತೆ ನಾನು ತಲೆಯಾಡಿಸುವುದು, ಉಳಿದವರು ನನ್ನ ತಲೆ ನೋಡಿ ಬಾರಿಸುವುದು. ಅಪ್ಪನ ದನಿ ಉಳಿಸಲು ಮಧ್ಯಾಹ್ನದವರೆಗೆ ಬರೀ ಕಾಲು ಬಡಿಸಿಯೇ ರೂಢಿ ಮಾಡಿದೆವು.

"ಕೈ ನೋಯತೈತೇನೋ?" ಎಂದು ಅಪ್ಪ ಕೇಳಿದ. ಇಲ್ಲ ಎಂದೆ. ಬೆರಳು ಬಾತಿದ್ದವು. ಆಮೇಲೆ ಪದ ಒಂದೇ ಸಲಕ್ಕೆ ಬಂತು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಮಿರಜಿಗೆ ಹೋದ ಅಪ್ಪ ತಿರುಗಿ ಬರಲಿಲ್ಲ.

ದೀಪಾವಳಿಗೆ ಬಂದ ಅಂಗಡಿಯವರ ಅಳಿಯ ಅವ್ವನನ್ನು ಕೂರಿಸಿ ಟೇಪು ಹಚ್ಚಿದ. ಅವ್ವ ಅಳಲಿಲ್ಲ. ಕಿವಿಗೊಟ್ಟು ಏನನ್ನೋ ಹುಡುಕುತ್ತಿದ್ದಳು.

"ಕಾಲ ಎಲ್ಲಿ ಐತೋ?" ಎಂದಳು. "ಅಡಗಿ ಮನ್ಯಾಗ ಕುಂತು ನಾ ದಿನಾ ಕೇಳ್ತಿದ್ದದ್ದು ಅದನ್ನಽ."

ಕಾಲನ್ನು ತೆಗೆದವನು ನಾನು. ಆಗ ಪಡಸಾಲೆಯಲ್ಲಿ ಧಪ್ ಧಪ್ ಎಂಬ ಸಪ್ಪಳ ಕೇಳಿತು. ನೋಡಿದರೆ ನನ್ನದೇ ಅಂಗೈ, ಪದಕ್ಕೆ ಸರಿಯಾಗಿ ನೆಲ ಬಡಿಯುತ್ತಿತ್ತು. ಗಾಬರಿಯಾಗಿ ಕೈ ಎತ್ತಿಕೊಂಡೆ.

ಅವ್ವ ಕಣ್ಣು ಮುಚ್ಚಿದ್ದಳು. "ನಿಲ್ಲಸಬ್ಯಾಡೋ," ಎಂದಳು, "ನಿಮ್ಮಪ್ಪ ಬರಾಕ್ಹತ್ಯಾರ."

ಅವ್ವ ಹೋಗಿಯೂ ಬಹಳ ವರ್ಷವಾಯಿತು. ಕೈ ಇನ್ನೂ ನಿಂತಿಲ್ಲ.