ಕೆಂಪು ಬರದ ಪುಟ

ಹಿರಿಯೂರಿನ ಪಿಯು ಕಾಲೇಜೊಂದರಲ್ಲಿ ನಾನು ಕೆಮಿಸ್ಟ್ರಿ ಕಲಿಸುತ್ತೇನೆ. ಕಲಿಸುತ್ತೇನೆ ಎಂದು ಹೇಳಿಕೊಳ್ಳಲು ಈಚೆಗೆ ನಾಲಿಗೆ ಏಳುವುದಿಲ್ಲ. ನಮ್ಮ ಲ್ಯಾಬಿನ ಪದ್ಧತಿಯೇ ಹಾಗಿದೆ. ಮೊದಲು ರೆಕಾರ್ಡ್ ಪುಸ್ತಕ ಬರೆದು ಮುಗಿಸುವುದು, ಆಮೇಲೆ ಪ್ರಯೋಗ ಮಾಡುವುದು. ಕಣ್ಣಿಗೆ ಏನು ಕಂಡಿತು ಎಂದು ಬರೆಯುವ ಕಾಲಂ ಕೂಡ ಹಿಂದಿನ ವರ್ಷದವರ ಪುಸ್ತಕ ನೋಡಿ ಹಿಂದಿನ ದಿನವೇ ತುಂಬಿರುತ್ತದೆ. ಥೂ, ಇದಕ್ಕೆ ಸಹಿ ಹಾಕುವವಳು ನಾನೇ.

ಆವತ್ತಿನ ಪ್ರಯೋಗ ಬಣ್ಣದ್ದು. ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣಕ್ಕೆ ಥಯೋಸಯನೇಟ್ ಸೇರಿಸಿದರೆ ರಕ್ತದಂಥ ಕೆಂಪು ಬರುತ್ತದೆ. ಹಿಂದಕ್ಕೂ ಮುಂದಕ್ಕೂ ನಡೆಯುವ ಕ್ರಿಯೆ ಅದು, ನಡುವೆ ಒಂದು ಸಮತೋಲನಕ್ಕೆ ಬಂದು ನಿಂತಿರುತ್ತದೆ. ಡಿಸ್ಟಿಲ್ಡ್ ವಾಟರ್ ಬೆರೆಸಿ ತೆಳುಮಾಡಿ, ಮತ್ತೆ ಫೆರಿಕ್ ಕ್ಲೋರೈಡ್ ಹನಿ ಬಿಟ್ಟರೆ ಸಮತೋಲನ ಮುಂದಕ್ಕೆ ಸರಿದು ಕೆಂಪು ಗಾಢವಾಗುತ್ತದೆ. ಎಲ್ಲರ ಪುಸ್ತಕದಲ್ಲೂ ಗಾಢವಾಗಿತ್ತು. ಯಲ್ಲದಕೆರೆ ಆಚೆಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಮಾತ್ರ, ನೀರು ಬೆರೆಸಿದ ಕೂಡಲೇ ಕೆಂಪು ಹೋಗಿ ಮಾಸಲು ಹಳದಿಯಾಯಿತು, ಹನಿ ಹಾಕಿದರೂ ಕೆಂಪು ಬರಲಿಲ್ಲ ಎಂದು ಬರೆದಿದ್ದಳು.

ನನಗೆ ಪಿತ್ತ ನೆತ್ತಿಗೇರಿತು. ಪ್ರಾಕ್ಟಿಕಲ್ ಪರೀಕ್ಷೆಗೆ ಒಂದೇ ವಾರ ಉಳಿದಿತ್ತು. ಒಂದು ಪುಟಕ್ಕೆ ಸಹಿ ಇಲ್ಲದಿದ್ದರೂ ಅವಳು ಪರೀಕ್ಷೆಗೆ ಕೂರುವಂತಿರಲಿಲ್ಲ.

"ಏನಮ್ಮ, ಕಣ್ಣು ಎಲ್ಲಿಟ್ಕಂಡಿದ್ದೆ?"

"ಎರಡ್ ಸಲ ಮಾಡಿದೆ ಮೇಡಂ. ಹಂಗೇ ಬರ್ತೈತೆ."

"ಪಕ್ಕದೋಳ್ದು ನೋಡಿ ಬರಿ, ಸಹಿ ಹಾಕ್ತೀನಿ."

"ನಂಗೆ ಕೆಂಪು ಕಾಣ್ಲಿಲ್ಲ ಮೇಡಂ. ಹೆಂಗ್ ಬರೀಲಿ?"

ಮೈಯೆಲ್ಲ ಉರಿದುಹೋಯಿತು. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿ, ಇಷ್ಟು ಕೊಬ್ಬು ಇರೋರು ಓದೋಕೆ ಯಾಕೆ ಬರ್ತೀರಿ ಎಂದು ಎಲ್ಲರೆದುರು ಕೂಗಾಡಿದೆ. ಅವಳು ಅಳಲಿಲ್ಲ. ಅತ್ತಿದ್ದರೆ ನನ್ನ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತೋ ಏನೋ.

ಮರುದಿನ ಬೆಳಿಗ್ಗೆ, ಬೇರೆಯವರು ಬರುವ ಮೊದಲೇ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಟ್ರ್ಯಾಕ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಕ್ಯಾನ್. ಎರಡು ಟೆಸ್ಟ್ ಟ್ಯೂಬ್ ತೆಗೆದುಕೊಂಡು ಎರಡರಲ್ಲೂ ಒಂದೇ ಅಳತೆಯ ಕೆಂಪು ಮಾಡಿದಳು. ಒಂದಕ್ಕೆ ನಮ್ಮ ಲ್ಯಾಬ್ ಬಾಟಲಿಯ ನೀರು, ಇನ್ನೊಂದಕ್ಕೆ ತಾನು ತಂದ ನೀರು. ಮೊದಲನೆಯದು ನನ್ನ ಕಣ್ಣೆದುರೇ ಬಿಳಿಚಿಕೊಂಡಿತು. ಎರಡನೆಯದು ಕೆಂಪಾಗಿಯೇ ಉಳಿಯಿತು, ಹನಿ ಬಿದ್ದೊಡನೆ ಇನ್ನೂ ಗಾಢವಾಯಿತು.

ಡಿಸ್ಟಿಲ್ಡ್ ವಾಟರ್ ಮಾಡುವ ಯಂತ್ರದ ಹೀಟರ್ ಸುಟ್ಟು ವರ್ಷದ ಮೇಲಾಗಿತ್ತು. ಆಫೀಸಿಗೆ ಪತ್ರ ಬರೆದು ಬರೆದು ಸಾಕಾಗಿ, "ಬೋರ್ ನೀರೇ ತುಂಬ್ಸಪ್ಪ, ಯಾರ್ ನೋಡ್ತಾರೆ" ಎಂದು ಅಟೆಂಡರಿಗೆ ಹೇಳಿದವಳು ನಾನು. ನಮ್ಮ ಕಡೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಊರಿಗೆಲ್ಲ ಗೊತ್ತು. ಅದು ದ್ರಾವಣದ ಕಬ್ಬಿಣವನ್ನು ಹಿಡಿದುಕೊಂಡರೆ ಕೆಂಪಿಗೆ ಕಬ್ಬಿಣ ಎಲ್ಲಿ ಉಳಿಯಬೇಕು? ಸಮತೋಲನ ಹಿಂದಕ್ಕೆ ಸರಿಯುತ್ತದೆ. ಬೋರ್ಡಿನ ಮೇಲೆ ಪ್ರತಿವರ್ಷ ನಾನೇ ಬರೆಯುವ ನಿಯಮ ಇದು. ಇಡೀ ತರಗತಿಯಲ್ಲಿ ಅದನ್ನು ಕಣ್ಣಾರೆ ನೋಡಿದವಳು ಒಬ್ಬಳು, ಅವಳಿಗೇ ನಾನು ಬೈದಿದ್ದೆ. ಹೀಟರ್ ಕೊಡದ ಆಫೀಸಿನ ಮೇಲೆ ಸಿಟ್ಟು ಬಂತು, ಮರುಮಾತಾಡದೆ ಬೋರ್ ನೀರು ತುಂಬಿದ ಅಟೆಂಡರ್ ಮೇಲೆ ಬಂತು, ಕೊನೆಗೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಪೆನ್ನು ತೆಗೆದು ಅವಳ ಪುಟಕ್ಕೆ ಸಹಿ ಹಾಕಿದೆ. "ನಿಂದು ಸರಿ ಐತೆ ಕಣಮ್ಮ, ತಪ್ಪು ನಂದು" ಎಂದೆ. ಅಷ್ಟು ಹೇಳಿದ್ದೇ ದೊಡ್ಡದು ಎಂದುಕೊಂಡಿದ್ದೆ. ಅವಳು ಪುಸ್ತಕ ತೆಗೆದುಕೊಂಡರೂ ಹೋಗಲಿಲ್ಲ. ಮೇಜಿನ ಮೇಲೆ ನಾನು ಸಹಿ ಹಾಕಿ ಪೇರಿಸಿಟ್ಟಿದ್ದ ಉಳಿದವರ ಪುಸ್ತಕಗಳನ್ನು ನೋಡುತ್ತಾ ನಿಂತಳು.

"ಎಲ್ರೂ ಇದೇ ಬಾಟ್ಲಿ ನೀರೇ ಹಾಕಿದ್ದಲ್ವ ಮೇಡಂ. ಮತ್ತೆ ಅವ್ರಿಗೆಲ್ಲ ಕೆಂಪು ಹೆಂಗ್ ಬಂತು?"

ಬೆಲ್ ಆಯ್ತು, ಕ್ಲಾಸಿಗೆ ನಡಿ ಎಂದು ಗದರಿದೆ. ಬೆಲ್ ಆಗಿರಲಿಲ್ಲ.