ಮಾವನವರ ಕಲ್ಲಿಗೆ ಎಣ್ಣೆ

ನಾಸಿಕದ ನಮ್ಮ ಮನೆಯ ಹಿತ್ತಲಲ್ಲಿ ಉಳ್ಳಾಗಡ್ಡಿ ಹರವಿಕೊಂಡು ಕೊಳೆತವನ್ನು ಬೇರೆ ಮಾಡುತ್ತಿದ್ದೆ. ಸಂಭಾಜಿನಗರದಿಂದ ಮೈದುನನ ಫೋನ್ ಬಂತು.

"ವೈನಿ, ಪುರಾತತ್ವ ಸಂಶೋಧನಾ ಸಂಸ್ಥೆಯವರು ಬಂದಾರ್ರಿ. ತಮ್ಮ ಮ್ಯೂಸಿಯಮ್ಮಿಗೆ ಅಪ್ಪನ ಕಲ್ಲು ಬ್ಯಾಡ ಅನ್ಲಾಕತ್ತಾರ."

ಮಾವನವರು ವಿಮಾನದ ಕಾರ್ಖಾನೆಯಲ್ಲಿ ದುಡಿದವರು. ರಜೆ ಸಿಕ್ಕರೆ ಗೋದಾವರಿಯ ದಂಡೆ ಹಿಡಿದು ನಡೆಯುತ್ತಿದ್ದರು. ಆದಿಮಾನವರು ಕೆತ್ತಿದ ಕಲ್ಲಿನ ಕೊಡಲಿ, ಚಕ್ಕೆಗಳನ್ನು ಹೆಕ್ಕಿ, ಸಿಕ್ಕ ಜಾಗದ ಹೆಸರನ್ನು ಆಯಾ ಕಲ್ಲಿನ ಮೇಲೇ ಕಪ್ಪು ಶಾಯಿಯಲ್ಲಿ ಬರೆಯುತ್ತಿದ್ದರು. "ಇವು ಮ್ಯೂಸಿಯಮ್ಮಿಗೆ ಸೇರಬೇಕವ್ವಾ" ಎನ್ನುವುದೊಂದೇ ಅವರ ಆಸೆ. ಅವರು ಲಿಂಗೈಕ್ಯರಾದ ಮೇಲೆ ಮಕ್ಕಳು ಪಾತ್ರೆಪಗಡ ಹಂಚಿಕೊಂಡಂತೆ ಕಲ್ಲುಗಳನ್ನೂ ಹಂಚಿಕೊಂಡರು. ಚಂದದ ಕೊಡಲಿಗಳೆಲ್ಲ ಮೈದುನನಿಗೆ, ಚೂರುಗಳ ಚೀಲ ನಮಗೆ.

"ಯಾಕ ಬ್ಯಾಡಂತ?"

"ದೊಡ್ಡ ಮಂದಿ ಬರ್ತಾರಂತ ಹುಣಸಿಹಣ್ಣು ಹಚ್ಚಿ ತಿಕ್ಕಿ ತೊಳದ್ವಿ. ಎಣ್ಣಿ ಸವರಿ, ವಿಭೂತಿ ಬಳದು ಇಟ್ವಿ. ಭಾಳ ಮಿಂಚಲಾಕತ್ತಾವ್ರಿ."

"ಮ್ಯಾಲ ಬರದಿದ್ದು?"

"ಅದು ಹೋತು. ಕಲ್ಲಂತೂ ಅವೇ ಅದಾವಲ್ರಿ!"

"ನಿಮ್ಮ ಗಾಡಿ ನಂಬರ್ ಪ್ಲೇಟೂ ಹಂಗ ತಿಕ್ಕಿಬಿಡ್ರಿ. ಗಾಡಿ ಅಂತೂ ಅದೇ ಇರ್ತದಲ್ಲ!"

ಲಿಂಗಪೂಜೆಯಾಗದೆ ನೀರು ಮುಟ್ಟುವವಳಲ್ಲ ನಾನು. ವಿಭೂತಿಯ ಮೇಲೆ ನನಗೇನು ಸಿಟ್ಟು? ಆದರೆ ಆ ಹಿರಿಯ ಜೀವ ಬಿಸಿಲಲ್ಲಿ ಬಗ್ಗಿ ಬಗ್ಗಿ ಬರೆದ ಅಕ್ಷರ ಅಳಿಸಿ ಅದಕ್ಕೆ ಭಕ್ತಿ ಎಂದು ಹೆಸರಿಟ್ಟರೆ ಶಿವ ಮೆಚ್ಚುತ್ತಾನೆಯೇ? ಒಂದು ದಿನವೂ ತಂದೆಯ ಜೊತೆ ದಂಡೆಗೆ ಹೋಗದವನು, ಅಪ್ಪನಿಗೆ ಕಲ್ಲಿನ ಹುಚ್ಚು ಎಂದು ನಗುತ್ತಿದ್ದವನು, ಈಗ ಫೋಟೋಕ್ಕೆ ಹೊಸ ಅಂಗಿ ತೊಟ್ಟು ನಿಂತಿರಬೇಕು!

ಅಷ್ಟರಲ್ಲಿ ಸಂಸ್ಥೆಯ ಹೆಣ್ಣುಮಗಳೊಬ್ಬಳು ಫೋನ್ ತೆಗೆದುಕೊಂಡಳು. ಎಲ್ಲಿ ಸಿಕ್ಕಿತೆಂದೇ ಗೊತ್ತಿಲ್ಲದ ಕಲ್ಲನ್ನು ಇಟ್ಟುಕೊಂಡು ಏನು ಮಾಡಲಿ ಎಂದು ಹಿಂದಿಯಲ್ಲಿ ಮೆತ್ತಗೆ ಹೇಳಿ, ಬೇರೆ ಚೂರುಗಳೇನಾದರೂ ಉಳಿದಿವೆಯೇ ಎಂದು ಕೇಳಿದಳು.

ಮೆಟ್ಟಿಲ ಕೆಳಗಿನ ಚೀಲ ಬಿಚ್ಚಿದೆ. ಮಣ್ಣು ಹಾಗೇ ಇತ್ತು, ಅಕ್ಷರವೂ ಹಾಗೇ. ಒಂದು ಚೂರನ್ನು ಕಣ್ಣಿಗೊತ್ತಿಕೊಂಡು, ಆಕೆಗೆ ಇದ್ದದ್ದು ಇದ್ದಂತೆ ಹೇಳಿದೆ.

ತೊಳೆಯದೆ ತನ್ನಿ, ಇವನ್ನು ಖಂಡಿತ ತೆಗೆದುಕೊಳ್ಳುತ್ತೇವೆ ಎಂದಳು ಆಕೆ. ಇವು ಯಾವುದಾದರೂ ಕೊಡಲಿಯಿಂದ ಸಿಡಿದ ಚೂರೇ ಆಗಿದ್ದು, ಅದಕ್ಕೆ ಸರಿಯಾಗಿ ಕೂತರೆ, ಆ ಕೊಡಲಿಯ ಜಾಗವೂ ತಿಳಿದೀತಂತೆ. ಎಲ್ಲವೂ ಕೂಡಲಾರವು. ಒಂದಾದರೂ ಕೂಡಲಿ, ಶಿವನೇ.

ಮತ್ತೆ ಮೈದುನನ ದನಿ: "ಚೀಲ ನಾನೇ ಬಂದು ಒಯ್ಯಲೇನ್ರಿ, ವೈನಿ?"

"ನೀವು ಮುಟ್ಟಬ್ಯಾಡ್ರಿ. ನಾನೇ ತರ್ತೀನಿ."

ಫೋನಿಟ್ಟು, ನೀರು ತಾಗದಂತೆ ಚೀಲವನ್ನು ಅಟ್ಟಕ್ಕೇರಿಸಿದೆ. ಒಲೆ ಹಚ್ಚಿ ರೊಟ್ಟಿಗೆ ಎಸರಿಟ್ಟೆ.